ಸಿದ್ದನ ಪುಟ

ಹಲ್ಲು ಹುಟ್ಟುವ ಕೂಸಿಗೆ ಪುಸ್ತಕವೆಂದರೆ ಮೊದಲು ತಿಂಡಿ, ಆಮೇಲೆ ವಿದ್ಯೆ. ಮಕ್ಕಳೇ, ನಿಮ್ಮ ಅಪ್ಪ ಓದಿದ, ಅಂದರೆ ಚೀಪಿದ, ಮೊದಲ ಪುಸ್ತಕಕ್ಕೆ ಒಂದು ಮೂಲೆಯೂ ಉಳಿಯಲಿಲ್ಲ. ಹುಣಸೂರಿನ ಹೊಗೆಸೊಪ್ಪಿನ ಸಾಹೇಬರು ತಮ್ಮ ಮಕ್ಕಳು ನೋಡಿ ಬಿಟ್ಟದ್ದನ್ನು ಅವರ ಹತ್ತಿರ ಕೆಲಸಕ್ಕಿದ್ದ ನಿಮ್ಮ ತಾತನ ಕೈಯಲ್ಲಿ ನಮ್ಮೂರು ಗಾವಡಗೆರೆಗೆ ಕಳಿಸಿದ್ದರು. ಅದರ ಇಂಗ್ಲಿಷು ಅಕ್ಷರ ನನಗೆ ಇರುವೆಯ ಸಾಲು. ಆದರೆ ಚಿತ್ರಕ್ಕೆ ಯಾವ ಭಾಷೆ? ಮಧ್ಯಾಹ್ನ ಜಗಲಿಯಲ್ಲಿ ಕೂತು "ಇಗೋ ಹಸ, ಇಗೋ ಆನೆ" ಎಂದು ತೋರಿಸುತ್ತಿದ್ದೆ.

"ಏನಮ್ಮಿ, ಅಲ್ಲು ಬರೋಕ್ ಮುಂಚೇನೆ ಅಮಲ್ದಾರನ್ ಮಾಡ್ಬುಡ್ತೀಯಾ?" ಎಂದು ಅತ್ತೆ ನಗುತ್ತಿದ್ದರು.

ನಿಮ್ಮ ಅಪ್ಪನಿಗೆ ತಿಪ್ಪಯ್ಯ ಎಂಬ ಹೆಸರೇಕೆ ಎಂದು ನೀವು ಕೇಳುತ್ತೀರಿ. ಅವನಿಗಿಂತ ಮೊದಲು ನನಗೊಬ್ಬ ಮಗನಿದ್ದ. ಓಡಾಡುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಮುಂದಿನ ಕೂಸಾದರೂ ದಕ್ಕಲೆಂದು ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡ ನೆರೆಯವಳಿಗೆ ಒಂದು ಮೊರ ತೌಡು ಕೊಟ್ಟು ಮರಳಿ ಪಡೆದು, ತಿಪ್ಪ ಎಂದು ಕರೆದೆವು. ಕಸಕ್ಕೆ ಸಾವು ಕೈಹಾಕುವುದಿಲ್ಲವಂತೆ. ಹೋದವನ ಹೆಸರನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಕರೆದರೆ ಬರುತ್ತಾನೆ, ಬಂದವನು ಒಬ್ಬನೇ ಹಿಂತಿರುಗುವುದಿಲ್ಲ ಎನ್ನುತ್ತಿದ್ದರು ಅತ್ತೆ.

ಪುಸ್ತಕದ ಕೊನೆಯ ಪುಟದಲ್ಲಿ ಬೇಲಿಯ ಬಾಗಿಲ ಹತ್ತಿರ, ನಮಗೆ ಬೆನ್ನು ಮಾಡಿ ನಿಂತ ಒಬ್ಬ ಹುಡುಗನಿದ್ದ. ಆ ಪುಟ ಬಂದರೆ ನಾನು ಏನೂ ಹೇಳದೆ ಮಡಚಿಬಿಡುತ್ತಿದ್ದೆ. ಒಂದು ದಿನ ತಿಪ್ಪ ನನ್ನ ಕೈ ಸರಿಸಿ, ಹುಡುಗನ ಬೆನ್ನ ಮೇಲೆ ಬೆರಳಿಟ್ಟ. ಅವನಿಗೆ ಹಸ ಎನ್ನಲು ಬಾರದು, "ಅತ" ಎನ್ನುತ್ತಿದ್ದ. ಅಂಥ ಬಾಯಿ ಸ್ಪಷ್ಟವಾಗಿ ನುಡಿಯಿತು: "ಸಿದ್ದ."

ಅದು ಹೋದವನ ಹೆಸರು.

ರಾಗಿ ಕೇರುತ್ತಿದ್ದ ಅತ್ತೆಯ ಮೊರ ನಿಂತುಹೋಯಿತು. ಸಂಜೆಯ ಹೊತ್ತಿಗೆ ಕೂಸಿನ ಮೈ ಕೆಂಡ.

"ಕರಿಯಾಕ್ ಬಂದವ್ನೆ ಕಣಮ್ಮಿ! ಆ ಪುಸ್ತಕವ ತಕ್ಕೊಂಡೋಗಿ ಒಲೆಗಾಕು!"

ಎದುರು ಮಾತಾಡಿ ಅಭ್ಯಾಸವಿಲ್ಲದವಳು ನಾನು. ಆದರೆ ಚಿತ್ರ ಎಂದರೇನು? ಅಂಗಳದಲ್ಲಿಲ್ಲದ ಆನೆಯನ್ನು "ಇಗೋ" ಎನ್ನುತ್ತೇವೆ, ಕೂಸು ನಂಬುತ್ತದೆ. ಎದುರಿಗಿಲ್ಲದ್ದನ್ನು ಕಾಣಲು ನಾವೇ ಕಲಿಸಿದ ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದು ಯಾರು ಹೇಳಿಕೊಟ್ಟರು? ಬೆನ್ನು ಮಾಡಿ ನಿಂತವನನ್ನು ಸುಟ್ಟರೆ ಅವನು ನಮ್ಮತ್ತ ಮುಖ ತಿರುಗಿಸುವುದಾದರೂ ಹೇಗೆ?

"ಬ್ಯಾಡಿ ಅತ್ತೆಮ್ಮ. ಕರ್ದೂ ಆಯ್ತು. ಇನ್ ಮಾತಾಡುಸ್ದೆ ಕಳ್ಸಾದು ಸರಿಯಲ್ಲ."

ಪುಟ ಬಿಚ್ಚಿ, ಅವನು ಹೋದಮೇಲೆ ಮೊದಲ ಸಲ ಬಾಯಿತುಂಬ ಕರೆದೆ. "ಸಿದ್ದಾ, ಇವ್ನು ನಿನ್ ತಮ್ಮ ಕಣಪ್ಪ. ಬೇಕಾದ್ರೆ ದಿನಾ ಬಂದು ಜೊತೇಲಿ ಚಿತ್ರ ನೋಡು. ಕರ್ಕೊಂಡ್ ಮಾತ್ರ ಓಗ್ಬ್ಯಾಡ."

ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಬೆಳಗಾಗುವಷ್ಟರಲ್ಲಿ ಕೂಸು ಬೆವೆತು, ಜ್ವರ ಬಿಟ್ಟು, ಗಂಜಿಗೆ ಕೈಚಾಚಿತು.

ಆಮೇಲೆ ತಿಪ್ಪ ಪುಸ್ತಕ ನೋಡುವಾಗ ನನ್ನ ಬಲತೊಡೆಯ ಮೇಲಷ್ಟೇ ಕೂರುತ್ತಿದ್ದ. ಪ್ರತಿ ಪುಟಕ್ಕೂ ನನ್ನ ಕೈಯನ್ನು ಒತ್ತಿಹಿಡಿದು, ಇನ್ನೊಬ್ಬರು ನೋಡಿ ಮುಗಿಸುವವರೆಗೆ ಕಾಯುವವನಂತೆ ಸುಮ್ಮನಿದ್ದು, ಆಮೇಲೆ ಬಿಡುತ್ತಿದ್ದ. ನಾನೂ ಕಾಯುವುದನ್ನು ಕಲಿತೆ. ಎದ್ದಾಗ ನೋಡಿದರೆ ಎರಡು ತೊಡೆಗಳೂ ಜೋಮು ಹಿಡಿದಿರುತ್ತಿದ್ದವು.