ಬೆಂಕಿಯಣ್ಣನ ಹದಿನೈದು ಅಕ್ಷರ

ಗುಪ್ತಚರ ಇಲಾಖೆಯ ಕಚೇರಿಯ ಹಿತ್ತಲಲ್ಲಿ ಆಳೆತ್ತರದ ಇಟ್ಟಿಗೆ ಒಲೆಯೊಂದಿತ್ತು. ದೇಶದ ಗುಟ್ಟುಗಳೆಲ್ಲ ಕೊನೆಗೆ ಬಂದು ಬೂದಿಯಾಗುತ್ತಿದ್ದುದು ಅದರೊಳಗೆ. ಅದನ್ನು ಉರಿಸುವವನಿಗೆ ಎಲ್ಲರೂ ಬೆಂಕಿಯಣ್ಣ ಎನ್ನುತ್ತಿದ್ದರು. ಹುಬ್ಬು ಸುಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಸಿಟ್ಟು ಬಂದರೆ ಗಂಟಿಕ್ಕಲು ಹುಬ್ಬಿಲ್ಲದೆ ಪಾಪ, ಬರೀ ಹಣೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದ.

ಓದು ಬಂದವನಿಗೆ ಆ ಕೆಲಸ ಕೊಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದವನನ್ನು ಮನೆಗೆ ಕಳಿಸುವ ಹುದ್ದೆ ಮೂರು ಲೋಕದಲ್ಲೂ ಅದೊಂದೇ ಇದ್ದೀತು. ಸೇರುವ ದಿನ ಸಾಹೇಬರು ಅವನ ಮೂಗಿನ ಮುಂದೆ ಒಂದು ಚೀಟಿ ಹಿಡಿದು ಮುಖವನ್ನೇ ದಿಟ್ಟಿಸಿದ್ದರು. ‘ನಿನ್ನ ಕಾಲರಿನ ಮೇಲೆ ಚೇಳಿದೆ’ ಎಂದು ಅದರಲ್ಲಿ ಬರೆದಿತ್ತಂತೆ. ಇವನು ಕಲ್ಲುಕಂಬದ ಹಾಗೆ ನಿಂತಿದ್ದ.

“ಅಣ್ಣತಮ್ಮಂದಿರು?” ಎಂದು ಕೇಳಿದರು.

“ಯಾರೂ ಇಲ್ಲ ಸಾರ್.”

ಅವನು ಜನ್ಮದಲ್ಲಿ ಹೇಳಿದ ಮೊದಲ ಸುಳ್ಳು ಅದು. ಅದಕ್ಕೆ ಒಂದು ವರ್ಷ ಮುಂಚೆ ಭದ್ರತಾ ಪಡೆಯ ಜೀಪೊಂದು ಮನೆ ಮುಂದೆ ನಿಂತು ಅಣ್ಣನನ್ನು ಹತ್ತಿಸಿಕೊಂಡು ಹೋಗಿತ್ತು. “ಎರಡು ಮಾತು ಕೇಳಿ ಬಿಟ್ಟುಬಿಡ್ತೀವಿ” ಅಂದಿದ್ದರು. “ಎರಡು ಮಾತು ಇಷ್ಟುದ್ದ ಇರುತ್ತೇನೋ?” ಎಂದು ಅಮ್ಮ ವರ್ಷವಿಡೀ ಕೇಳಿದಳು. ಕೊನೆಗೆ, “ಅವನು ಹೋದ ಕಟ್ಟಡದೊಳಕ್ಕೆ ನೀನೂ ಹೋಗು. ಇದ್ದಾನೋ ಇಲ್ಲವೋ, ಅಷ್ಟು ತಿಳಿದುಕೊಂಡು ಬಾ” ಎಂದು ಇವನನ್ನು ಅಟ್ಟಿದ್ದಳು.

ಇಪ್ಪತ್ತೊಂದು ವರ್ಷ ಬೂದಿ ಕೆದಕಿದರೂ ಅಷ್ಟು ತಿಳಿಯಲಿಲ್ಲ. ಹೆಂಡತಿ ಹೊಲಿಗೆಯವಳು, ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕಲಿಸಿಕೊಡುತ್ತೇನೆಂದರೆ, “ಬೇಡ ಕಣೇ, ಅಕ್ಷರ ಒಳಗೆ ಬಂದರೆ ಅನ್ನ ಹೊರಗೆ ಹೋಗುತ್ತೆ” ಎನ್ನುತ್ತಿದ್ದ.

ಅಮ್ಮ ಮಾತ್ರ ಕಾಯುವುದು ಬಿಡಲಿಲ್ಲ. ಪ್ರತಿ ವರ್ಷ ಸೊಸೆಯಿಂದ ದೊಡ್ಡ ಮಗನಿಗೊಂದು ಅಂಗಿ ಹೊಲಿಸುತ್ತಿದ್ದಳು. “ಈ ಸಲ ಎರಡಿಂಚು ಜಾಸ್ತಿ ಬಿಡಮ್ಮಾ. ವಯಸ್ಸಾಯ್ತಲ್ಲ, ಹೊಟ್ಟೆ ಬಂದಿರುತ್ತೆ.”

“ಅತ್ತೆ, ಇನ್ನೂ ಬಿಟ್ಟರೆ ಇದು ಅಂಗಿಯಲ್ಲ, ಡೇರೆ.”

“ಇರಲಿ ಬಿಡು. ಅಷ್ಟು ದೂರದಿಂದ ಬಂದವನು ಬಿಗಿಯಾಯ್ತು ಅಂತ ವಾಪಸ್ ಹೋಗಬಾರದು.”

ಅದರಲ್ಲಿ ಎರಡು ಆನೆ ತೂರಿಕೊಂಡು ಗುಂಡಿ ಹಾಕಿಕೊಳ್ಳಬಹುದಿತ್ತು.

ಕಾಗದ ಸುಡುವ ಮೊದಲು ಪಿನ್ನು ಕೀಳಬೇಕು. ಇಲ್ಲದಿದ್ದರೆ ಒಲೆಯ ಜಾಲರಿ ಕಟ್ಟಿಕೊಳ್ಳುತ್ತದೆ. ಒಂದು ಮಧ್ಯಾಹ್ನ ಹಾಗೆ ಕೀಳುತ್ತಿದ್ದಾಗ ಒಂದು ಹಾಳೆಗೆ ಚುಚ್ಚಿದ್ದ ಫೋಟೋ ಕೈಗೆ ಬಂತು. ಎಡಗಿವಿಯ ತುದಿಯಲ್ಲಿ ಒಂದು ಕಚ್ಚು. ಚಿಕ್ಕವನಿದ್ದಾಗ ಒಂದು ಗಾಳಿಪಟಕ್ಕೆ ಜಗಳವಾಡಿ ಬೆಂಕಿಯಣ್ಣನೇ ಕಚ್ಚಿದ್ದ ಕಿವಿ ಅದು.

ಸುಟ್ಟದ್ದಕ್ಕೆ ಸಾಕ್ಷಿ ಸಹಿ ಹಾಕುವ ಗುಮಾಸ್ತ ಬಾಗಿಲಲ್ಲೇ ನಿಂತಿದ್ದ. “ಏನಯ್ಯಾ, ಹೆಣ್ಣು ನೋಡೋಕೆ ಬಂದವನ ಹಾಗೆ ಫೋಟೋ ಹಿಡಕೊಂಡು ನಿಂತೆ? ಒಪ್ಪಿಗೆಯೋ?”

“ಪಿನ್ನು ತುಕ್ಕು ಹಿಡಿದಿದೆ, ಗುಮಾಸ್ತರೇ. ಬರ್ತಾ ಇಲ್ಲ.”

ಹಾಳೆ ಕದಿಯುವ ಹಾಗಿರಲಿಲ್ಲ. ಗೇಟಿನಲ್ಲಿ ಚಪ್ಪಲಿ ಸಹ ಕೊಡವಿ ನೋಡುತ್ತಿದ್ದರು. ಗುಮಾಸ್ತನಿಗೆ ಓದೆಂದರೆ ಅಣ್ಣನಿಲ್ಲವೆಂದ ಸುಳ್ಳು ಬಯಲಾಗುತ್ತಿತ್ತು. ಮೇಲಿನ ಕೆಂಪು ಮುದ್ರೆ ಎಲ್ಲ ಹಾಳೆಯಲ್ಲೂ ಇರುವಂಥದ್ದೇ. ಯಾವ ಕಥೆಗಾದರೂ ಮುಕ್ತಾಯ ಕೊನೆಯಲ್ಲೇ ಇರಬೇಕಲ್ಲ ಎಂದು ಅವನು ಕೆಳಗೆ ನೀಲಿ ಶಾಯಿಯಲ್ಲಿ ಯಾರೋ ಕೈಯಿಂದ ಬರೆದಿದ್ದ ಒಂದು ಸಾಲನ್ನು ಹಿಡಿದ. ಹದಿನೈದು ಅಕ್ಷರ. ಪಿನ್ನಿನೊಡನೆ ಒದ್ದಾಡುವವನ ಹಾಗೆ ನಟಿಸುತ್ತಾ ಒಂದೊಂದರ ಕೊಂಡಿ, ಬಾಲ, ಗುಂಡಗೆ ಸುತ್ತಿದ ಹೊಟ್ಟೆಯನ್ನು ಕಣ್ಣಿನೊಳಕ್ಕೆ ಇಳಿಸಿಕೊಂಡ. ಆಮೇಲೆ ಅಣ್ಣನನ್ನು ತನ್ನ ಕೈಯಿಂದಲೇ ಬೆಂಕಿಗೆ ಹಾಕಿದ. ಗುಮಾಸ್ತ ಸಹಿ ಮಾಡಿದ.

ಮನೆಗೆ ಎರಡು ಮೈಲಿ. ತುಂಬಿದ ಕೊಡದ ಹಾಗೆ ತಲೆ ಅಲ್ಲಾಡಿಸದೆ ನಡೆದ. ದಾರಿಯಲ್ಲಿ ಮಾತಾಡಿಸಿದವರಿಗೆ ಉತ್ತರ ಕೊಡಲಿಲ್ಲ. ಸೀನು ಬಂತು, ಸೀನಿದರೆ ಎರಡಕ್ಷರ ಉದುರಿಹೋದಾವೆಂದು ಮೂಗು ಹಿಡಿದು ಅದನ್ನೂ ನುಂಗಿಕೊಂಡ.

ಬಾಗಿಲು ದಾಟಿದವನೇ ಹೆಂಡತಿಯ ಕೈಯಿಂದ ಹೊಲಿಗೆಯ ಸೀಮೆಸುಣ್ಣ ಕಿತ್ತುಕೊಂಡು ಮೇಜಿನ ಮೇಲೆ ಹರಡಿದ್ದ ಆ ವರ್ಷದ ಅಂಗಿಯ ಬೆನ್ನಿನ ಮೇಲೆ ಹದಿನೈದನ್ನೂ ಬರೆದ. ಬೆವರಿಳಿಯುತ್ತಿತ್ತು.

“ಅಣ್ಣನ ಕಾಗದದಲ್ಲಿತ್ತು. ಓದು.”

ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದ ಅಮ್ಮ ತಲೆಯೆತ್ತಿದಳು. “ಗಟ್ಟಿಯಾಗಿ ಓದಮ್ಮಾ.”

“‘ಸಾವಿನ ಸುದ್ದಿ ಮನೆಯವರಿಗೆ ತಿಳಿಸಿದೆ’ ಅಂತ ಇದೆ, ಅತ್ತೆ.”

ಅಮ್ಮ ಕೈಯಲ್ಲಿದ್ದ ಗುಂಡಿಗಳನ್ನು ಕೆಳಗಿಟ್ಟಳು.

“ಯಾವ ಮನೆಯವರಿಗೆ?” ಎಂದಳು.

ಅವಳು ಎದ್ದು ಬಂದು ಬಟ್ಟೆಯ ಮೇಲೆ ಅಂಗೈ ಇಟ್ಟು ಸವರಿದಳು. ಅಕ್ಷರಗಳು ಕೈಗೆ ಬಿಳಿಯಾಗಿ ಅಂಟಿಕೊಂಡವು.

“ಹೊಲಿಗೆ ಬಿಚ್ಚಮ್ಮಾ,” ಎಂದಳು. “ಇವನ ಅಳತೆಗೆ ಹೊಲಿ.”