ಫೋನಿನೊಳಗಿನ ಚಾಂದಬಿ

ಚಾಂದಬಿಯನ್ನು ಒಮ್ಮೆ "ನೀನು ಯಾರ ಮನೆಯವಳು?" ಎಂದು ಕೇಳಿ ನೋಡಿ. ಮುಗಿಯಿತು, ನಿಮ್ಮ ಅರ್ಧ ಮಧ್ಯಾಹ್ನ ಹೋಯಿತು! ಅಪ್ಪ ಇಮಾಮಸಾಬ, ಅಜ್ಜ ಕಾಸಿಂಸಾಬ, ಮೂಲ ಊರು ಯಾವುದು, ಅಲ್ಲಿಂದ ಇಲ್ಲಿಗೆ ಯಾಕೆ ಬಂದರು, ಎಲ್ಲ ಹೇಳಿಯೇ ಬಿಡುವವಳು. ಹಳಿಯಾಳದ ಹತ್ತಿರದ ಅವಳ ಸಿದ್ದಿ ಜನರ ಕೇರಿಯಲ್ಲಿ, ಮನೆತನ ಕೇಳಿದವರಿಗೆ ಹೇಳದಿದ್ದರೆ ಅವರ ಮುಖಕ್ಕೆ ಬಾಗಿಲು ಹಾಕಿದಂತೆ. ಹಳೇ ಸೀರೆಯ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಕೈಗಿಂತ ಬಾಯಿ ಜೋರು, ಆದರೆ ಕೈಯೇನೂ ಕಡಿಮೆಯಿಲ್ಲ.

ಪಕ್ಕದ ಮನೆಯ ನೀಲಂ ಆ ಕೌದಿಗಳ ಜೊತೆ ಚಾಂದಬಿಯ ಫೋಟೊ ತೆಗೆದು, ನಂಬರಿನ ಸಮೇತ ಇಂಟರ್ನೆಟ್ಟಿನಲ್ಲಿ ಹಾಕಿದ್ದಳು. ಅದನ್ನು ನೋಡಿ ಯಾವನೋ ಒಬ್ಬ ಫೋನು ಮಾಡಿ, ದೊಡ್ಡ ಅಂಗಡಿಯವನೆಂದು ಹೇಳಿಕೊಂಡು, "ನೀವು ಯಾರ ಮನೆಯವರು?" ಎಂದ. ಕೇಳಬೇಕೇ! ಚಾಂದಬಿ ಸಂಭ್ರಮದಿಂದ ವಂಶವನ್ನೆಲ್ಲ ಒಪ್ಪಿಸಿದಳು. "ಗುರುತಿಗೆ ಆಧಾರ್ ಕಾರ್ಡ್ ಕಳಿಸಿ" ಎಂದ. ಅದನ್ನೂ ಕಳಿಸಿದಳು. ಅವನು ಮತ್ತೆ ಫೋನು ಮಾಡಲಿಲ್ಲ.

ಒಂದು ಬೆಳಿಗ್ಗೆ ಅಂಗಳದಲ್ಲಿ ಸ್ಕೂಟಿ ಬಂದು ನಿಂತಿತು. ಇಳಿದವಳು ದಾಂಡೇಲಿಯ ಬಂಗೂರನಗರದ ಕಾಲೇಜಿನಲ್ಲಿ ಪಾಠ ಮಾಡುವ ಸುಮಿತಾ.

"ಚಾಂದಬಿ ಅಂದ್ರ ನೀವ ಏನ್ರೀ? ರೊಕ್ಕ ಇಸಗೊಂಡು ಕೌದಿ ಕಳಿಸೂದುಲ್ಲ? ನಾಚಿಕಿ ಆಗೂದುಲ್ಲ ನಿಮಗ?"

"ಯಾ ಅಲ್ಲಾ! ನಿಮ್ಮನ್ನ ನಾ ಇವತ್ತ ನೋಡಾಕತ್ತೇನ್ರಿ ಅಕ್ಕಾರ!"

ಸುಮಿತಾ ತನಗೆ ಕೌದಿ ಮಾರಿದವರ ಮೆಸೇಜು ತೆರೆದು ಫೋನು ಮುಂದೆ ಹಿಡಿದಳು. ಚಾಂದಬಿಯದೇ ಮುಖ, ಅವಳದೇ ಕೌದಿ, ಅವಳದೇ ಆಧಾರ್ ಕಾರ್ಡು. ನಂಬರು ಮಾತ್ರ ಬೇರೆ ಯಾರದೋ. ಕಾರ್ಡಿನ ಮೇಲಿದ್ದ ವಿಳಾಸ ಹಿಡಿದೇ ಆಕೆ ಇಲ್ಲಿಗೆ ಬಂದಿದ್ದಳು.

"ನಂಬರ್ ನಂದಲ್ರಿ."

"ಕಾರ್ಡ್ ನಿಮ್ದ ಹೌದಲ್ಲ? ಪೊಲೀಸ್ ಸ್ಟೇಷನ್ನಿಗೆ ಹೊಂಟೇನಿ. ನಿಮ್ಮ ಹೆಸರ ಬರಸ್ತೇನಿ."

ಇಡೀ ಕೇರಿಗೆ ಗೊತ್ತಿರುವ ಹೆಸರು, ಕಳ್ಳಿ ಎಂದು ಠಾಣೆ ಸೇರುವುದೇ? ಚಾಂದಬಿ ಸೂಜಿ ಬಿಸಾಕಿ ಎದ್ದಳು.

"ತಡೀರಿ! ಆ ನಂಬರಿಗೆ ಫೋನ್ ಹಚ್ರಿ. ಉಳದ ರೊಕ್ಕಾ ಕೊಡ್ತೇನಿ ಅನ್ರಿ. ಆಮ್ಯಾಲ ನನ್ನ ಕೈಯಾಗ ಕೊಡ್ರಿ."

ಸುಮಿತಾ ಅನುಮಾನದಿಂದಲೇ ಸ್ಪೀಕರ್ ಹಾಕಿ ನಂಬರು ಒತ್ತಿದಳು. ಉಳಿದ ರೊಕ್ಕ ಎಂದಿದ್ದೇ ತಡ, ಆ ಕಡೆಯ ಹೆಂಗಸಿನ ದನಿ ಜೇನಾಯಿತು. "ಕಳಿಸಿ ಮೇಡಂ, ಕೌದಿ ರೆಡಿ ಇದೆ. ನಾನೇ ಚಾಂದಬಿ."

ಚಾಂದಬಿಗೆ ಒಂದು ಕಡೆ ನಗು, ಒಂದು ಕಡೆ ಸಿಟ್ಟು. ಫೋನು ಕಸಿದುಕೊಂಡು, "ಯಾರ ಮನೀಯಾಕಿವಾ ನೀ?" ಎಂದಳು.

"ಅಪ್ಪ ಇಮಾಮಸಾಬ, ಅಜ್ಜ ಕಾಸಿಂಸಾಬ..." ಗಿಣಿಪಾಠ ಶುರುವಾಯಿತು. ಒಂದಕ್ಷರ ತಪ್ಪಿಲ್ಲ. ಸುಮಿತಾಳ ಹುಬ್ಬು ಮೇಲೇರಿತು. ಅಪ್ಪನ ಹೆಸರು ಆ ಬಾಯಲ್ಲಿ ಕೇಳಿ ಚಾಂದಬಿಯ ಮೈಯೆಲ್ಲ ಉರಿಯಿತು. ಆದರೂ ದನಿಯನ್ನು ಮೆತ್ತಗೆ ಮಾಡಿಕೊಂಡಳು.

"ಅಪ್ಪಾ ಆರಾಮ ಅದಾರೇನವಾ?"

"ಆರಾಮಾಗಿದ್ದಾರೆ ಮೇಡಂ. ಇಲ್ಲೇ ಹೊರಗೆ ಕೂತಿದ್ದಾರೆ."

"ಹೌದಾ? ಸ್ವಲ್ಪ ಕರಿಯವಾ. ಮಣ್ಣ ಕೊಟ್ಟ ಬಂದ ಮ್ಯಾಲ ಅವರ ದನಿ ಕೇಳಿಲ್ಲ ನಾ."

ಫೋನು ಕಟ್ಟಾಯಿತು.

ಸುಮಿತಾಳ ಮುಖ ಕೆಂಪಾಯಿತು. "ತಪ್ಪಾತ್ರಿ ಚಾಚಿ..."

"ತಪ್ಪ ನಂದೂ ಐತಿ, ಕಾರ್ಡ್ ಕಳಿಸಿದಾಕಿ ನಾನ. ಅದನ್ನ ಆಮ್ಯಾಲ ಮಾತಾಡೂಣು! ನೀಲಂ, ಏ ನೀಲಂ, ಓಡಿ ಬಾರ!"

ನೀಲಂ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸಂಗತಿ ಕೇಳಿದವಳೇ, "ಅಕ್ಕಾರ, ತಡಾ ಮಾಡಬ್ಯಾಡ್ರಿ, ಫೋನಿನ ಮೋಸಕ್ಕಂತನ ಪೊಲೀಸ್ರ ನಂಬರ್ ಐತಿ, ಹತ್ತೊಂಬತ್ತು ಮೂವತ್ತು, ಅದಕ್ಕ ಹಚ್ರಿ! ಲಗೂನ ಹೇಳಿದ್ರ ರೊಕ್ಕಾ ತಡೀಬಹುದು" ಎಂದಳು. ಸುಮಿತಾ ಒತ್ತುವಷ್ಟರಲ್ಲಿ ನೀಲಂ ಚಾಂದಬಿಯ ಫೋನು ತೆಗೆದು, ಬೇರೆ ಯಾರೂ ಬಳಸದಂತೆ ಆಧಾರಿನ ಬೆರಳಚ್ಚಿಗೆ ಬೀಗ ಹಾಕಲು ಕೂತಳು. ಅಂಗಳದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದರು. ಗದ್ದಲವೋ ಗದ್ದಲ!

"ಶ್‌! ಎತ್ತಿದ್ರು!" ಎಂದಳು ಸುಮಿತಾ. ಎಲ್ಲರೂ ಗಪ್‌ಚಿಪ್.

ರೊಕ್ಕ ಕಳಿಸಿದ್ದು ಯಾವಾಗ, ಯಾವ ನಂಬರಿಗೆ ಎಂದೆಲ್ಲ ಕೇಳಿಕೊಂಡು ಆ ಕಡೆಯವರು ಕೊನೆಗೆ, "ಮೋಸ ಮಾಡಿದವರ ಹೆಸರೇನು?" ಎಂದರು.

ಚಾಂದಬಿ ಸುಮಿತಾಳ ಬಾಯನ್ನೇ ನೋಡಿದಳು.

"ಗೊತ್ತಿಲ್ರೀ," ಎಂದಳು ಸುಮಿತಾ. "ಚಾಂದಬಿ ಅಂತೂ ಅಲ್ಲ."