ಗುಜರಿ ರಾಶಿಯಿಂದ ಲೋಕದ ಚರಿತ್ರೆ ಹೆಕ್ಕುವ ಸಿದ್ದಲಿಂಗಮ್ಮ

ಹುಣಸೂರಿನ ಬೈಪಾಸ್ ಪಕ್ಕದಲ್ಲಿರುವ ಸಣ್ಣಯ್ಯನ ಗುಜರಿ ಶೆಡ್ಡಿನಲ್ಲಿ ಬೆಳಗಿನ ಐದೂಮುಕ್ಕಾಲಿಗೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಆಳೆತ್ತರದ ರದ್ದಿ ರಾಶಿಯ ಮುಂದೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರವತ್ತು ವರ್ಷದ ಸಿದ್ದಲಿಂಗಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಏಳು ಗಂಟೆಗೆ ಕಾಗದದ ಕಾರ್ಖಾನೆಯ ಲಾರಿ ಬರುತ್ತದೆ. ಅದು ಬಂದರೆ ರಾಶಿಯೆಲ್ಲ ಮೂಟೆಯಾಗಿ ಹೊರಟುಹೋಗುತ್ತದೆ. ಅಷ್ಟರೊಳಗೆ ಅವರು ತಮಗೆ ಬೇಕಾದ ಪುಸ್ತಕ ಹೆಕ್ಕಿಕೊಳ್ಳಬೇಕು.

“ಅಕ್ಕೋ, ಲಾರಿಯೋನು ಫೋನ್ ಮಾಡಿದ್ದ. ನಿನ್ ರಾಜಮಹಾರಾಜ್ರನ್ನೆಲ್ಲ ಬೇಗ ಇಳಿಸ್ಕೊ,” ಎಂದು ಸಣ್ಣಯ್ಯ ತಕ್ಕಡಿಯ ಹತ್ತಿರದಿಂದ ಕೂಗುತ್ತಾರೆ.

“ಬತ್ತಾರೆ ಇರ್ಲಾ. ಸಾವಿರಾರು ವರ್ಷದಿಂದ ಕಾದವ್ರೆ, ಇನ್ನೊಂದ್ ಗಳಿಗೆ ಕಾಯ್ಲಿ,” ಎಂದು ಇವರ ಉತ್ತರ.

ಸಿದ್ದಲಿಂಗಮ್ಮ ಹುಡುಕುವುದು ಒಂದೇ ಬಗೆಯ ಪುಸ್ತಕವನ್ನು: ಪ್ರಪಂಚದ ಚರಿತ್ರೆ, ಚಿತ್ರ ಇರುವಂಥದ್ದು. ಅದು ಬೇಕಾಗಿರುವುದು ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳಿಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಏಳು ಮನೆಗಳಲ್ಲಿ ಅಂಥ ಹನ್ನೊಂದು ಮಕ್ಕಳಿದ್ದಾರೆ. ಒಬ್ಬನಿಗೆ ಉಬ್ಬಸ. ಒಬ್ಬಳಿಗೆ ಕಾಲಿನ ತೊಂದರೆ. ಹೊಸ ಅಗ್ರಹಾರದ ಒಂದು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕಲಿತವರು. ತಾವೇ ಹೇಳಿಕೊಡುತ್ತೇವೆಂದು ಮೂರು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಗಣಿತಕ್ಕೆ, ಭಾಷೆಗೆ ಹೇಗೋ ಪುಸ್ತಕ ಸಿಗುತ್ತದೆ. ಈಜಿಪ್ಟು, ಚೀನಾ, ರೋಮು ಎಂದರೆ ಈ ಕಡೆಯ ಅಂಗಡಿಗಳಲ್ಲಿ ಏನೂ ಸಿಗುವುದಿಲ್ಲ. ಆದರೆ ಸಣ್ಣಯ್ಯನ ರಾಶಿಗೆ ಬರುತ್ತದೆ. ಮುಚ್ಚಿದ ಕಾನ್ವೆಂಟುಗಳ ಕಪಾಟಿನಿಂದ, ಕಬಿನಿ ದಂಡೆಯ ರೆಸಾರ್ಟುಗಳಿಂದ, ಪಿರಿಯಾಪಟ್ಟಣದ ಆಚೆಗಿನ ಕೊಡಗಿನ ತೋಟದ ಬಂಗಲೆಗಳಿಂದ.

ದಿನಕ್ಕೆ ನೂರಿನ್ನೂರು ಪುಸ್ತಕ ಕೈಯಾಡಿಸಿದರೂ ವಾರಕ್ಕೆ ಒಂದು ಆರಿಸಿದರೆ ಹೆಚ್ಚು. ತೆಗೆದುಕೊಂಡ ಪುಸ್ತಕದಷ್ಟೇ ತೂಕದ ಹಳೇ ಪೇಪರನ್ನು ತಂದು ರಾಶಿಗೆ ಹಾಕುವುದು ಇಬ್ಬರ ನಡುವಿನ ಒಪ್ಪಂದ.

ಆರಿಸುವ ರೀತಿ ಅವರದೇ. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದಬಲ್ಲರು, ಅಷ್ಟೆ. ಹಾಗಾಗಿ ಪುಟ ತೆರೆದು, ಅಕ್ಷರ ಇರುವ ಕಡೆ ಅಂಗೈ ಮುಚ್ಚಿ, ಚಿತ್ರವನ್ನು ಮಾತ್ರ ನೋಡುತ್ತಾರೆ. “ಅರಮನೆ ತೋರ್ಸಿದ್ರೆ ಸಾಲ್ದು ಕಣ್ರೀ. ಕಲ್ಲು ಹೊತ್ತೋರೆಲ್ಲಿ? ಅನ್ನ ಬೇಯಿಸ್ತಿರೋರೆಲ್ಲಿ? ರಾಜ ಒಬ್ನೇ ನಿಂತಿದ್ರೆ ಮಗು ಒಂದ್ಸಲ ನೋಡಿ ಮುಚ್ಚಾಕ್ತದೆ. ಹತ್ತು ಜನ ಹತ್ತು ಕೆಲಸ ಮಾಡ್ತಿದ್ರೆ ದಿನವೆಲ್ಲ ನೋಡ್ತದೆ,” ಎನ್ನುತ್ತಾರೆ.

ನಮ್ಮ ದೇಶದ ಪುಟವನ್ನು ತಪ್ಪದೆ ತೆಗೆದು ನೋಡುತ್ತಾರೆ. ಅಲ್ಲಿ ಒಂದು ಆನೆ, ಒಬ್ಬ ಹಾವಾಡಿಗ, ಇಷ್ಟೇ ಇದ್ದರೆ ಪುಸ್ತಕ ವಾಪಸ್ಸು ರಾಶಿಗೆ. “ಆನೆ ನೋಡಕ್ಕೆ ಕೋಟೆ ಕಡೆ ಮಕ್ಕಳಿಗೆ ಬುಕ್ಕು ಯಾಕ್ರೀ ಬೇಕು? ಸಾಯಂಕಾಲ ಬಾಳೆತೋಟಕ್ಕೇ ಬತ್ತದೆ.” ತಲೆ ಕಡಿಯುವ ಚಿತ್ರಗಳಿದ್ದರೆ ಎಂಟು ವರ್ಷದ ಕೆಳಗಿನವರಿಗೆ ಕೊಡುವುದಿಲ್ಲ. ಹೊಲಿಗೆ ಇಲ್ಲದೆ ಬರೀ ಅಂಟು ಹಾಕಿದ್ದನ್ನು ಯಾರಿಗೂ ಕೊಡುವುದಿಲ್ಲ. ಕೊಟ್ಟ ಮೇಲೆ ಮಗುವಿನ ಪಕ್ಕ ಕೂತು ಕೇಳುತ್ತಾರೆ. ಪಿರಿಯಾಪಟ್ಟಣದ ಉಬ್ಬಸದ ಹುಡುಗ ಸುನೀಲ್‌ಕುಮಾರ್ ಕುದುರೆ ಮೇಲೆ ನುಗ್ಗುವ ಹೂಣರ ಚಿತ್ರ ನೋಡಿ, “ಊಣ್ರು ಅಂದ್ರೆ ನಿಮ್ಮ ಉಣ್ಸೂರ್ನೋರಾ ಅಜ್ಜಿ?” ಎಂದು ಕೇಳಿದ್ದನಂತೆ. “ನಾನೂ ಹೂಂ ಅನ್ನೋಳಿದ್ದೆ. ಬಸ್ಸಿಗೆ ಸೀಟ್ ಹಿಡಿಯಕ್ಕೆ ನಮ್ಮೂರೋರು ಅಂಗೇ ಅಲ್ವಾ ನುಗ್ಗೋದು!”

ಸಿದ್ದಲಿಂಗಮ್ಮ ಓದಿದ್ದು ಏಳನೇ ತರಗತಿ. ಇಪ್ಪತ್ತನೇ ವಯಸ್ಸಿಗೆ ಕೆ.ಆರ್. ನಗರದ ಒಂದು ಪ್ರೆಸ್ಸಿನ ಬೈಂಡಿಂಗ್ ಕೋಣೆಗೆ ಸೇರಿ ಮೂವತ್ತೊಂದು ವರ್ಷ ಅಲ್ಲೇ ಕೂತರು. ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚಾಗಿ ಬರುತ್ತದೆ. ಅದನ್ನು ಮಡಚಿದರೆ ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಮಡಚುವ ಮುಂಚೆ ಹಾಳೆಯಲ್ಲಿ ಒಂದನೇ ಪುಟದ ಪಕ್ಕಕ್ಕೇ ಹದಿನಾರನೆಯದು ಇರುತ್ತದೆ. ಇವರು ಕೆಲಸ ಮಾಡುತ್ತಲೇ ಅದನ್ನು ಓದುತ್ತಿದ್ದರು. “ನಾನು ಚರಿತ್ರೆ ಕಲ್ತಿದ್ದೇ ಅಂಗೆ. ರಾಜ ಮೊದ್ಲು ಸತ್ತ, ಆಮೇಲೆ ಪಟ್ಟಕ್ ಬಂದ, ಕಡೇಗೆ ಹುಟ್ದ. ಬೈಂಡ್ ಆದ್ಮೇಲೆ ತಗೊಂಡು ಓದಿದ್ರೆ, ಅಯ್ಯೋ, ಇದೇ ಬೇರೆ ಕತೆ!”

ಒಂಬತ್ತು ವರ್ಷದ ಹಿಂದೆ ಪ್ರೆಸ್ಸು ಮುಚ್ಚಿತು. ಮಗಳ ಮನೆಯಿದ್ದ ಹುಣಸೂರಿಗೆ ಬಂದು ನೋಟ್‌ಬುಕ್, ರಿಜಿಸ್ಟರು ಹೊಲಿದುಕೊಡುವ ಕೆಲಸ ಹಿಡಿದರು. ರಟ್ಟಿಗಾಗಿ ಗುಜರಿಗೆ ಹೋದವರ ಕೈಗೆ ಒಂದು ದಿನ ಪಿರಮಿಡ್ಡಿನ ಪುಸ್ತಕ ಸಿಕ್ಕಿತು. ಅದನ್ನು ನೋಟ್‌ಬುಕ್ ಹೊಲಿಸಿಕೊಳ್ಳುತ್ತಿದ್ದ ಮನೆಯ ಸುನೀಲ್‌ಕುಮಾರನಿಗೆ ಕೊಟ್ಟರು. ವಾರದ ಮೇಲೆ ಅವನ ತಾಯಿ ಇನ್ನೊಂದು ಕೇಳಿದರು. ಅಲ್ಲಿಂದ ಶುರು. ಇವತ್ತಿಗೆ ಇನ್ನೂರ ಎಂಬತ್ತಕ್ಕೂ ಹೆಚ್ಚು ಪುಸ್ತಕ ಆರಿಸಿ, ಹರಿದದ್ದನ್ನು ಬಿಚ್ಚಿ, ಮತ್ತೆ ಹೊಲಿದು ಮನೆ ಮುಟ್ಟಿಸಿದ್ದಾರೆ. ಅವುಗಳಲ್ಲಿ ತಪ್ಪು ಮಾಡಿದ್ದು ಒಂದರಲ್ಲಿ. ಆ ಒಂದು ತಪ್ಪು ಮೂರು ತಿಂಗಳಿಂದ ಅವರ ನಿದ್ದೆ ಕೆಡಿಸಿದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯ ರಾಣಿಗೆ ಹನ್ನೊಂದು ವರ್ಷ. ಅಪ್ಪ ಕನಕರಾಜು ಅರಣ್ಯ ಇಲಾಖೆಯಲ್ಲಿ ವಾಚರ್. ರಾಣಿ ಸೊಂಟದ ಕೀಲಿಗೆ ಎರಡು ಆಪರೇಷನ್ ಆಗಿ, ಬೆಂಚಿನ ಮೇಲೆ ಕೂರಲಾಗದೆ ಎರಡು ವರ್ಷ ಮನೆಯಲ್ಲೇ ಉಳಿದಳು. ಪಿಯುಸಿ ಓದಿದ ತಾಯಿ ಬಸವಮ್ಮ ಹೇಳಿಕೊಟ್ಟರು. ಈಗ ನಡೆಯುತ್ತಾಳೆ. ಫೆಬ್ರವರಿಯಲ್ಲಿ ಒಂದು ಶಾಲೆಗೆ ಕರೆದೊಯ್ದಾಗ, ಯಾವ ತರಗತಿಗೆ ಕೂರಿಸಬೇಕೆಂದು ನೋಡಲು ಶಿಕ್ಷಕಿ ನಾಲ್ಕು ಪ್ರಶ್ನೆ ಕೇಳಿದರು. ಯಾವ ಪಾಠ ಇಷ್ಟ ಎಂದಾಗ ರಾಣಿ ಪ್ರಪಂಚದ ಚರಿತ್ರೆ ಎಂದಳು. ಹಾಗಾದರೆ ಹಿಂದಿನವರು ಮೊದಲು ಯಾವುದರ ಮೇಲೆ ಬರೆಯುತ್ತಿದ್ದರು ಎಂದು ಕೇಳಿದ್ದಕ್ಕೆ ಅವಳು ಧೈರ್ಯವಾಗಿ ಹೇಳಿದಳು: “ಮೊದ್ಲು ಕಾಗದದ ಮೇಲೆ. ಕಾಗದ ಮುಗಿದೋಯ್ತು, ಅದಕ್ಕೇ ಆಮೇಲೆ ಜೇಡಿಮಣ್ಣಿನ ಮೇಲೆ ಬರೆದ್ರು.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಜೂನ್ ಮೊದಲ ವಾರ ಇನ್ನೊಮ್ಮೆ ಕರೆತನ್ನಿ ಎಂದರು. ರಾಣಿ ಮನೆಗೆ ಬಂದು, ಶಾಲೆಗೂ ಹೋಗುವುದಿಲ್ಲ, ಪುಸ್ತಕವನ್ನೂ ಮುಟ್ಟುವುದಿಲ್ಲ ಎಂದು ಕೂತಳು.

ಹುಡುಗಿ ತಪ್ಪಾಗಿ ಓದಿರಲಿಲ್ಲ. ಪುಸ್ತಕದಲ್ಲಿ ಹಾಗೇ ಇತ್ತು. ಚೀನಾದವರು ಕಾಗದ ಮಾಡುವ ಫಾರಂ ಮೊದಲು, ಮಣ್ಣಿನ ಹಲಗೆಯ ಫಾರಂ ಅದರ ನಂತರ ಹೊಲಿದುಹೋಗಿತ್ತು. “ನಮ್ ಪ್ರೆಸ್ಸಿನಲ್ಲಿ ಪ್ರತಿ ಫಾರಂ ಮಡಿಕೆ ಮೇಲೂ ಒಂದು ಕಪ್ಪು ಗುರುತು ಹಾಕೋರು. ಜೋಡ್ಸಿದ್ರೆ ಮೆಟ್ಟಿಲು ಇಳಿದಂಗೆ ಕಾಣ್ತದೆ. ಒಂದು ಆಚೀಚೆ ಆದ್ರೂ ಕಣ್ಣಿಗೆ ಬೀಳ್ತದೆ. ಆ ಬುಕ್ಕಲ್ಲಿ ಗುರುತಿಲ್ಲ, ಪುಟದ ತುಂಬ ಚಿತ್ರ, ನಂಬರೂ ಇಲ್ಲ. ಓದಕ್ ಬರೋರ್ನ ಕೇಳ್ಬೇಕಿತ್ತು. ಮೂವತ್ತೊಂದು ವರ್ಷದ ಕೈ ಅನ್ನೋ ಜಂಬ ನೋಡಿ,” ಎನ್ನುತ್ತಾರೆ ಸಿದ್ದಲಿಂಗಮ್ಮ. ಆ ಪುಸ್ತಕವನ್ನು ಬಿಚ್ಚಿ ಸರಿಮಾಡಿ ಒಯ್ದರೆ ರಾಣಿ ಕೋಣೆಯಿಂದ ಹೊರಗೇ ಬರಲಿಲ್ಲ.

ಇವತ್ತು ಲಾರಿಗೆ ಹತ್ತು ನಿಮಿಷ ಇರುವಾಗ ಸಿಕ್ಕಿದ ಪುಸ್ತಕ ಅವಳಿಗಾಗಿ. ರಟ್ಟು ಹೋಗಿದೆ, ಮೊದಲ ಎರಡು ಹಾಳೆ ಇಲ್ಲ, ಒಳಗಿನ ಚಿತ್ರಗಳು ಹೊಸದರಂತಿವೆ. ಆರು ಫಾರಂ. ಮನೆಗೆ ಬಂದು ಬ್ಲೇಡಿನಿಂದ ದಾರ ಕತ್ತರಿಸಿ ಆರನ್ನೂ ಬೇರೆ ಮಾಡುತ್ತಾರೆ. ಆಮೇಲೆ ಮಾಡುವುದು ವಿಚಿತ್ರ. ಉಗುರಗಲದ ಕಾಗದದ ಚೂರುಗಳಿಗೆ ಮೈದಾ ಅಂಟು ಸವರಿ, ಪುಟದ ನಂಬರು ಇರುವ ಕಡೆಯೆಲ್ಲ ಅಂಟಿಸಿ ಮುಚ್ಚುತ್ತಾರೆ. ಐವತ್ತಕ್ಕೂ ಹೆಚ್ಚು ಚೀಟಿ. ಕೊನೆಗೆ ಇಸ್ಪೀಟಿನ ಎಲೆಯಂತೆ ಆರನ್ನೂ ಕಲೆಸಿ, ದಬ್ಬಣ, ಸೂಜಿ, ದಾರದ ಜೊತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹೊಲಿಯುವುದಿಲ್ಲವೇ ಎಂದರೆ, “ಅವಳು ಹೇಳಿದ್ಮೇಲೆ,” ಎಂಬಷ್ಟೇ ಮಾತು.

ಎಚ್.ಡಿ. ಕೋಟೆ ಬಸ್ಸಿನಲ್ಲಿ ಕಂಡಕ್ಟರ್ ಕಿರಣ್‌ಕುಮಾರ್‌ಗೆ ಇವರ ಚೀಲದ ಪರಿಚಯವಿದೆ. “ಏನಜ್ಜಿ, ಇವತ್ತು ಯಾವ ದೇಶ?” ಎಂದು ಕೇಳಿ, ಉಚಿತ ಟಿಕೆಟ್ ಹರಿದುಕೊಡುತ್ತಾರೆ. “ಎಲ್ಲಾ ದೇಶ ಅದೆ ಕಣಪ್ಪ, ಕಲ್ಸೋಗವೆ,” ಎನ್ನುತ್ತಾರೆ ಅಜ್ಜಿ.

ಕೋಟೆಯಲ್ಲಿ ಬಸ್ಸು ಬದಲಿಸಿ ಅಂತರಸಂತೆ ತಲುಪುವಾಗ ಮಧ್ಯಾಹ್ನ. ಬಸವಮ್ಮ ಜಗಲಿಗೆ ಚಾಪೆ ಹಾಸಿ ಮಜ್ಜಿಗೆ ಕೊಡುತ್ತಾರೆ. ಬಾಗಿಲಿನ ಚೌಕಟ್ಟಿಗೆ ಒರಗಿ ರಾಣಿ ನಿಂತಿದ್ದಾಳೆ.

“ಇನ್ನೊಂದ್ ಸುಳ್ಳು ಬುಕ್ ತಂದಾ ಅಜ್ಜಿ?”

“ಏಯ್, ನಾಲಿಗೆ ಬಿಗಿ ಇಡು,” ಎಂದು ಬಸವಮ್ಮ ಗದರುತ್ತಾರೆ.

“ಬೈಬೇಡ ಕಣವ್ವ, ಅವಳು ಕೇಳಿದ್ದು ಸರಿ ಅದೆ. ಮಗಾ, ಬುಕ್ ಸುಳ್ಳೇಳಿರ್ಲಿಲ್ಲ. ತಪ್ಪಾಗಿ ಹೊಲಿದೋಳು ನಾನು.”

“ಅದ್ನ ಆ ಮೇಡಂಗೆ ಯೋಳೋಗು.”

ಸಿದ್ದಲಿಂಗಮ್ಮ ಆರು ಫಾರಂಗಳನ್ನು ಚಾಪೆಯ ಮೇಲೆ ಹರಡುತ್ತಾರೆ. “ಈ ಸಲ ನಾ ಜೋಡ್ಸಕಿಲ್ಲ. ಯಾವ್ದು ಮೊದ್ಲು, ಯಾವ್ದು ಆಮೇಲೆ ಅಂತ ನೀ ಹೇಳು. ನೀ ಹೇಳ್ದಂಗೆ ಹೊಲಿತೀನಿ.”

ಐದು ನಿಮಿಷ ರಾಣಿ ಬಾಗಿಲಲ್ಲೇ ನಿಂತು ಚಿತ್ರಗಳನ್ನು ನೋಡುತ್ತಾಳೆ. ಆಮೇಲೆ ಒಂದು ಕಾಲು ನೀಡಿ ಚಾಪೆಯ ಅಂಚಿನಲ್ಲಿ ಕೂರುತ್ತಾಳೆ. ಹೊಗೆ ಉಗುಳುವ ರೈಲಿನದು ಕೊನೆಗೆ. ಕಲ್ಲಿನ ಚಾಕು ಮಸೆಯುವವರದು ಮೊದಲಿಗೆ. ಮಣ್ಣಿನ ಹಲಗೆ ಅದರ ಪಕ್ಕಕ್ಕೆ. ಅದನ್ನು ಇಡುವಾಗ ಅಜ್ಜಿಯ ಮುಖವನ್ನು ಒಮ್ಮೆ ನೋಡುತ್ತಾಳೆ. ಹಾಯಿ ಬಿಚ್ಚಿದ ದೊಡ್ಡ ಹಡಗಿನದು ರೈಲಿಗೆ ಮುಂಚೆ. ನಡುವಿನ ಎರಡು ಫಾರಂ ಉಳಿಯುತ್ತವೆ. ಒಂದರಲ್ಲಿ ಭಾರಿ ಕಂಬಗಳ ಕಲ್ಲಿನ ಕಟ್ಟಡ. ಇನ್ನೊಂದರಲ್ಲಿ ಹುಲ್ಲು ಹೊದಿಸಿದ ಸಣ್ಣ ಮನೆಗಳ ಹಳ್ಳಿ.

“ಹಳ್ಳಿ ಮೊದ್ಲು, ದೊಡ್ ಕಟ್ಟಡ ಆಮೇಲೆ,” ಎನ್ನುತ್ತಾರೆ ಸಿದ್ದಲಿಂಗಮ್ಮ.

“ದೊಡ್ಡದಾದ್ರೆ ಆಮೇಲಿಂದಾ? ನಮ್ಮೂರ ಗುಡಿ ಎಷ್ಟ್ ದೊಡ್ಡದು, ಎಷ್ಟ್ ಹಳೇದು! ಅಂಗನವಾಡಿ ಇಷ್ಟೇ ಇಷ್ಟದೆ, ಅದ್ನ ಹೋದ್ವರ್ಷ ಕಟ್ಟಿದ್ದು.” ರಾಣಿ ಚಿತ್ರದ ಮೇಲೆ ಬೆರಳಿಡುತ್ತಾಳೆ. “ಇಲ್ ನೋಡಜ್ಜಿ. ಕಂಬದ ಊರಲ್ಲಿ ಆಳುಗಳೇ ಕಲ್ಲು ತಿರುಗಿಸಿ ಬೀಸ್ತಾವ್ರೆ. ಈ ಹಳ್ಳೀಲಿ ಗಾಳಿಗೆ ತಿರುಗೋ ಗಿರಣಿ ಐತೆ. ಗಿರಣಿ ಬಂದ್ಮೇಲೆ ಯಾರಾದ್ರೂ ಕೈಲಿ ಬೀಸ್ತಾರಾ?”

“ಚೀಟಿ ಕಿತ್ತು ನೋಡು ಮತ್ತೆ.”

ಬಸವಮ್ಮನೇ ಬಾಗಿ ಉಗುರಿನಿಂದ ಎರಡು ಚೀಟಿ ಕೀಳುತ್ತಾರೆ. ಕಂಬದ ಊರು ಶುರುವಾಗುವುದು ಮೂವತ್ತಮೂರನೇ ಪುಟದಲ್ಲಿ. ಗಿರಣಿಯ ಹಳ್ಳಿ ನಲವತ್ತೊಂಬತ್ತರಲ್ಲಿ.

“ಅಜ್ಜಿ ಫೇಲು!” ಎಂದು ರಾಣಿ ಚಪ್ಪಾಳೆ ತಟ್ಟುತ್ತಾಳೆ. ಮೂರು ತಿಂಗಳ ಮೇಲೆ ಮಗಳು ನಕ್ಕಿದ್ದನ್ನು ಕಂಡು ಬಸವಮ್ಮ ಒಳಗೆ ಹೋಗಿ, ಎರಡನೇ ಲೋಟ ಮಜ್ಜಿಗೆ ತರುತ್ತಾರೆ.

ಸಿದ್ದಲಿಂಗಮ್ಮ ಸೂಜಿಗೆ ದಾರ ಪೋಣಿಸಿ, ಆರು ಫಾರಂಗಳನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ರಾಣಿ ಅವರ ಕೈ ಹಿಡಿಯುತ್ತಾಳೆ.

“ಹೊಲೀಬೇಡ ಅಜ್ಜಿ. ಆ ಚೀಟಿ ಎರಡನ್ನೂ ಮತ್ತೆ ಅಂಟಿಸ್ಕೊಡು. ಜೂನ್‌ನಲ್ಲಿ ಇಂಗೇ ತಗೊಂಡೋಗಿ ಆ ಮೇಡಂ ಟೇಬಲ್ ಮೇಲೆ ಹಾಕ್ತೀನಿ. ಅವ್ರು ಜೋಡ್ಸಲಿ, ನೋಡ್ತೀನಿ.”

ಸಂಜೆ ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸಿದ್ದಲಿಂಗಮ್ಮನನ್ನು, ಬೇಕೆಂದೇ ತಪ್ಪು ಹೇಳಿದಿರಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ನಿಜವಾಗ್ಲೂ ಗೊತ್ತಿರ್ಲಿಲ್ಲ ಕಣ್ರೀ. ಇನ್ಮೇಲೆ ಅವಳು ನಾ ಕೊಟ್ಟಿದ್ನ ಅಂಗೇ ನಂಬಕಿಲ್ಲ. ಒಳ್ಳೇದೇ ಆಯ್ತು ಬುಡಿ.” ಸ್ವಲ್ಪ ದೂರ ಹೋದ ಮೇಲೆ ತಾವೇ ಮತ್ತೆ ಮಾತು ತೆಗೆಯುತ್ತಾರೆ. “ನಲವತ್ತು ವರ್ಷದಲ್ಲಿ ನಾನು ಹೊಲಿಗೆ ಹಾಕ್ದೇ ಕೈಬಿಟ್ಟ ಬುಕ್ಕು ಇದೊಂದೇ. ಬರೆಯೋದಾದ್ರೆ ಅದೊಂದ್ ಬರೀರಿ.”